ರಿಪೇರಿಯಾದ ಮೇಲೂ ಓಡದ ಯಂತ್ರ

ಕುದಿಯುವ ಕೆಟಲಿನ ಮುಚ್ಚಳ ಕುಣಿಯುವುದನ್ನು ಕಂಡ ಬಾಲಕನೊಬ್ಬ ಉಗಿಯಂತ್ರವನ್ನು ಕಂಡುಹಿಡಿದ ಕಥೆಯನ್ನು ನೀವು ಕೇಳಿರಬಹುದು. ಕಥೆ ಚೆನ್ನಾಗಿದೆ. ಆದರೆ ಆ ಬಾಲಕ ಜೇಮ್ಸ್ ವಾಟ್ ಹುಟ್ಟಿದ್ದು 1736ರಲ್ಲಿ. ಅದಕ್ಕೂ 24 ವರ್ಷ ಮೊದಲೇ, 1712ರಲ್ಲಿ, ಇಂಗ್ಲೆಂಡಿನ ಡಡ್ಲಿ ಬಳಿಯ ಗಣಿಯಲ್ಲಿ ಥಾಮಸ್ ನ್ಯೂಕಾಮೆನ್ ನಿರ್ಮಿಸಿದ ಉಗಿಯಂತ್ರ ನೀರೆತ್ತುತ್ತಿತ್ತು. ಹಾಗಾದರೆ ವಾಟ್ ಮಾಡಿದ್ದೇನು? ಕೆಟ್ಟುಹೋದ ಒಂದು ಪುಟ್ಟ ಯಂತ್ರವನ್ನು ರಿಪೇರಿ ಮಾಡಿದ. ಆದರೆ ರಿಪೇರಿ ಮುಗಿಯಿತೆಂದು ಅಲ್ಲಿಗೇ ಬಿಡಲಿಲ್ಲ.

1757ರಿಂದ ವಾಟ್ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಆವರಣದಲ್ಲಿ ಸಣ್ಣದೊಂದು ಕಾರ್ಯಾಗಾರ ನಡೆಸುತ್ತಿದ್ದ. ಗಣಿತ, ವಿಜ್ಞಾನದ ಉಪಕರಣಗಳನ್ನು ತಯಾರಿಸುವುದು, ಕೆಟ್ಟವನ್ನು ಸರಿಪಡಿಸುವುದು ಅವನ ಕಸುಬು. 1763-64ರ ಚಳಿಗಾಲದಲ್ಲಿ ಪ್ರಾಧ್ಯಾಪಕ ಜಾನ್ ಆಂಡರ್ಸನ್ ತರಗತಿಯಲ್ಲಿ ತೋರಿಸಲು ಬೇಕಿದ್ದ ನ್ಯೂಕಾಮೆನ್ ಯಂತ್ರದ ಮಾದರಿ ಅವನ ಮೇಜಿಗೆ ಬಂತು. ಸಿಲಿಂಡರಿನ ವ್ಯಾಸ ಕೇವಲ 2 ಅಂಗುಲ. ಪಿಸ್ಟನ್ನಿನ ಓಟ 6 ಅಂಗುಲ.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳಿ. ಪಿಸ್ಟನ್ ಮೇಲಿದ್ದಾಗ ಸಿಲಿಂಡರಿನ ತುಂಬ ಹಬೆ. ಒಳಕ್ಕೆ ತಣ್ಣೀರು ಚಿಮ್ಮಿಸಿದರೆ ಹಬೆ ನೀರಾಗುತ್ತದೆ. ಬಹುಮಟ್ಟಿಗೆ ನಿರ್ವಾತ ಉಂಟಾಗುತ್ತದೆ. ಆಗ ಹೊರಗಿನ ವಾಯುಮಂಡಲದ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಇಲ್ಲಿ ನಿಜವಾಗಿ ದುಡಿಯುವುದು ಹಬೆಯಲ್ಲ, ಗಾಳಿ!

ವಾಟ್ ಮಾದರಿಯನ್ನು ಸರಿಪಡಿಸಿ ಬೆಂಕಿ ಹಾಕಿದ. ನಾಲ್ಕಾರು ಬಾರಿ ಆಡಿ ಯಂತ್ರ ನಿಂತುಬಿಟ್ಟಿತು. ಯಾವ ಭಾಗವೂ ಮುರಿದಿರಲಿಲ್ಲ. ಬಾಯ್ಲರಿನಿಂದ ಬರುವ ಹಬೆಯೇ ಸಾಲುತ್ತಿರಲಿಲ್ಲ. "ಎಷ್ಟಾದರೂ ಇದು ಆಟಿಕೆ" ಎಂದು ಅವನು ಹಿಂದಿರುಗಿಸಬಹುದಿತ್ತು. ಅದರ ಬದಲು, ದೊಡ್ಡದು ಓಡುವಾಗ ಚಿಕ್ಕದೇಕೆ ಓಡದು ಎಂದು ಕೇಳಿಕೊಂಡ.

ಲೆಕ್ಕವನ್ನು ನೀವೇ ಮಾಡಿ ನೋಡಿ. ಸಿಲಿಂಡರಿನ ಸುತ್ತುಗೋಡೆಯ ವಿಸ್ತೀರ್ಣವನ್ನು ಅದರ ಘನಫಲದಿಂದ ಭಾಗಿಸಿದರೆ, 4ನ್ನು ವ್ಯಾಸದಿಂದ ಭಾಗಿಸಿದಷ್ಟು ಬರುತ್ತದೆ. 1712ರ ಯಂತ್ರದ ವ್ಯಾಸ 21 ಅಂಗುಲ, ಮಾದರಿಯದು 2. ಎಂದರೆ, ಅಷ್ಟೇ ಹಬೆಗೆ ಮಾದರಿಯಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು ಗೋಡೆ. ತಣ್ಣೀರಿನಿಂದ ತಣಿದ ಆ ಗೋಡೆಯನ್ನು ಮತ್ತೆ ಕಾಯಿಸುವುದರಲ್ಲೇ ಹಬೆ ವ್ಯರ್ಥವಾಗುತ್ತಿತ್ತು. ಈ ನಷ್ಟ ದೊಡ್ಡ ಯಂತ್ರದಲ್ಲೂ ಇತ್ತು; ಆಟಿಕೆ ಅದನ್ನು ಎತ್ತಿ ತೋರಿಸಿತು, ಅಷ್ಟೆ.

ವಾಟ್ ಅಳೆಯತೊಡಗಿದ. ಪ್ರತಿ ಆಟಕ್ಕೂ ಸಿಲಿಂಡರು ಹಿಡಿಸುವುದರ ಹಲವು ಪಟ್ಟು ಹಬೆ ಖರ್ಚಾಗುತ್ತಿತ್ತು. ಹಬೆಯನ್ನು ನೀರಾಗಿಸಲು ಅಷ್ಟೊಂದು ತಣ್ಣೀರು ಏಕೆ ಬೇಕೆಂಬ ಒಗಟನ್ನು ಅದೇ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ತನ್ನ ಗುಪ್ತೋಷ್ಣದ ತತ್ತ್ವದಿಂದ ಬಿಡಿಸಿದ. 1765ರ ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ನಡೆಯುತ್ತಿದ್ದಾಗ ವಾಟ್‌ಗೆ ಪರಿಹಾರ ಹೊಳೆಯಿತು: ಸಿಲಿಂಡರು ಸದಾ ಬಿಸಿಯಾಗಿರಲಿ; ಹಬೆಯನ್ನು ಬೇರೊಂದು ಪಾತ್ರೆಗೆ ಹರಿಸಿ ಅಲ್ಲಿ ತಣಿಸಿದರಾಯಿತು.

ಹೊಳೆದದ್ದು ಕ್ಷಣಮಾತ್ರದಲ್ಲಿ, ಕೈಗೂಡಲು ಹನ್ನೊಂದು ವರ್ಷ ಹಿಡಿಯಿತು. 1769ರಲ್ಲಿ ಪೇಟೆಂಟ್ ದೊರೆತರೂ ಹಬೆ ಸೋರದಷ್ಟು ನಿಖರವಾದ ದೊಡ್ಡ ಸಿಲಿಂಡರು ಸಿಗಲಿಲ್ಲ. ಫಿರಂಗಿ ಕೊರೆಯುವ ಹೊಸ ವಿಧಾನಕ್ಕೆ 1774ರಲ್ಲಿ ಪೇಟೆಂಟ್ ಪಡೆದಿದ್ದ ಜಾನ್ ವಿಲ್ಕಿನ್ಸನ್ ಅದನ್ನು ಕೊರೆದುಕೊಟ್ಟ. ಪಾಲುದಾರ ಮ್ಯಾಥ್ಯೂ ಬೋಲ್ಟನ್ ಬಂಡವಾಳ ಹೂಡಿದ. 1776ರಲ್ಲಿ ವಾಟ್‌ನ ದೊಡ್ಡ ಯಂತ್ರಗಳು ದುಡಿಯತೊಡಗಿದವು.

ಇದನ್ನು ಓದುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಬಿ.ಎಸ್‌ಸಿ. ಓದುತ್ತಿದ್ದಾಗ ನಮ್ಮ ತೋಟದ ಹಳೆಯ ಡೀಸೆಲ್ ಎಂಜಿನ್ನನ್ನು ನಾನೇ ಬಿಚ್ಚಿ, ಸವೆದ ಪಿಸ್ಟನ್ ರಿಂಗುಗಳನ್ನು ಬದಲಿಸಿ ಓಡಿಸಿದೆ. ಮನೆಮಂದಿಯೆಲ್ಲ ಮೆಚ್ಚಿಕೊಂಡರು. ಮರುವರ್ಷ ಹೊಸ ರಿಂಗುಗಳೂ ಸವೆದಿದ್ದವು, ತೋಟ ಒಣಗುತ್ತಿತ್ತು. ಗಾಳಿ ಸೋಸುವ ಜಾಲರಿ ಹರಿದು ಧೂಳು ಒಳಗೆ ಹೋಗುತ್ತಿತ್ತು. ರಿಂಗು ಸವೆದದ್ದನ್ನು ಕಂಡಿದ್ದೆ. ಏಕೆ ಸವೆಯಿತೆಂದು ಕೇಳಿರಲಿಲ್ಲ.

ವಾಟ್ ಮಾತ್ರ ಮುಪ್ಪಿನಲ್ಲೂ ಕೇಳುವುದನ್ನು ಬಿಡಲಿಲ್ಲ. ಬರ್ಮಿಂಗ್‌ಹ್ಯಾಮ್ ಸಮೀಪದ ಹೀತ್‌ಫೀಲ್ಡ್ ಮನೆಯ ಅಟ್ಟದ ಕಾರ್ಯಾಗಾರದಲ್ಲಿ ಶಿಲ್ಪಗಳ ಪ್ರತಿ ತೆಗೆಯುವ ಯಂತ್ರಗಳನ್ನು ರೂಪಿಸುತ್ತ ಕಾಲ ಕಳೆದ. ಅವನು 1819ರಲ್ಲಿ ತೀರಿಕೊಂಡ ಮೇಲೆ ಆ ಕೋಣೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು. 1924ರಲ್ಲಿ ಅಲ್ಲಿದ್ದ 8,000ಕ್ಕೂ ಹೆಚ್ಚು ವಸ್ತುಗಳನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಸಾಗಿಸಿದರು.

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ಹೊಲಿಗೆ ಯಂತ್ರವೋ ಗಡಿಯಾರವೋ ಇರಬಹುದು. ಹಿರಿಯರನ್ನು ಕೇಳಿ ಕೆಳಗಿಳಿಸಿ. ವಿದ್ಯುತ್ತಿನದಾದರೆ ಮೊದಲು ಪ್ಲಗ್ ಕಿತ್ತಿಡಿ. ಬಿಚ್ಚುವ ಮುನ್ನ ಚಿತ್ರ ಬರೆದುಕೊಳ್ಳಿ. ಕಳಚಿದ ತಿರುಪುಗಳನ್ನು ಸಾಲಾಗಿ ಜೋಡಿಸಿ. ಅದು ಓಡಿದ ದಿನ ನೋಟುಪುಸ್ತಕದಲ್ಲಿ ಒಂದು ಪುಟ ಖಾಲಿ ಬಿಡಿ. ಅದು ಏಕೆ ಕೆಟ್ಟಿತ್ತು ಎಂಬುದು ತಿಳಿದಾಗ ಆ ಪುಟವನ್ನು ತುಂಬಿಸಿ.