ನೀನ್ಯಾವ ದೊಣ್ಣೆನಾಯಕ?

ಮೈಸೂರಿನ ರಾಮಕೃಷ್ಣನಗರದ ಆಂದೋಲನ ವೃತ್ತದ ಹತ್ತಿರ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಮೊನ್ನೆ ಒಂದು ಮಾತು ಕಿವಿಗೆ ಬಿತ್ತು. ಮಗನ ಕೈಹಿಡಿದು ಬಂದ ತಾಯಿಯೊಬ್ಬರು, ‘ಅಣ್ಣಾ, ಹಾಕಿ ಬ್ಯಾಟ್ ಇದ್ಯಾ?’ ಎಂದರು. ಅಂಗಡಿಯವರು, ‘ಗ್ರೌಂಡಲ್ಲಿ ಆಡೋಕಾ ಮೇಡಂ, ಸ್ಕೇಟಿಂಗಿಗಾ?’ ಎಂದು ಕೇಳಿ ಎರಡು ಬಗೆಯ ಕೋಲು ತೆಗೆದಿಟ್ಟರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಆ ‘ಬ್ಯಾಟ್’ ಮಾತ್ರ ನನಗೆ ಇನ್ನೂ ಅರಗಿಲ್ಲ.

ಕ್ರಿಕೆಟ್ಟು ನಮ್ಮ ಮೈದಾನಗಳನ್ನು ನುಂಗಿದ್ದು ಸಾಲದೆಂದು ಪದಗಳಿಗೂ ಕೈಹಾಕಿದೆ. ಕೈಯಲ್ಲಿ ಹಿಡಿದು ಬೀಸುವುದೆಲ್ಲ ಈಗ ಬ್ಯಾಟೇ. ಶಟಲ್ ಬ್ಯಾಟು, ಟೆನಿಸ್ ಬ್ಯಾಟು, ಸೊಳ್ಳೆ ಬ್ಯಾಟು. ಹಾಕಿಯ ಕೋಲನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ತುದಿ ಬಾಗಿದೆ. ಎಡಮೈ ಚಪ್ಪಟೆ, ಬಲಮೈ ದುಂಡು. ದುಂಡು ಮೈಯಿಂದ ಚೆಂಡನ್ನು ಮುಟ್ಟುವಂತಿಲ್ಲ. ಚೆಂಡು ಎಡಕ್ಕೆ ಜಾರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಣಿಕಟ್ಟು ತಿರುವಿ, ಕೋಲಿನ ಮೂತಿಯನ್ನು ಕೆಳಗುಮಾಡಿ ತಡೆಯಬೇಕು. ಎಡಚರಿಗೆಂದು ಬೇರೆ ಕೋಲು ಇಲ್ಲವೇ ಇಲ್ಲ, ನಿಯಮ ಬಿಡುವುದಿಲ್ಲ. ಇಷ್ಟೆಲ್ಲ ಕಟ್ಟುಪಾಡಿನ ಕೋಲಿಗೆ ಬ್ಯಾಟೆನ್ನುವುದು ಅನ್ಯಾಯ.

ಅಂಗಡಿಯವರ ಪ್ರಶ್ನೆಗೆ ಬರುತ್ತೇನೆ. ಹಾಕಿ ಎಂದರೆ ನಮಗೆ 91.4 ಮೀಟರ್ ಉದ್ದ, 55 ಮೀಟರ್ ಅಗಲದ ಬಯಲು, ಒಂದೊಂದು ಕಡೆಗೆ ಹನ್ನೊಂದು ಜನ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲು ಹೋಗಿ ಕೃತಕ ಹಾಸು ಬಂತು; ಅದರೊಂದಿಗೆ ಮಣಿಕಟ್ಟಿನ ನಾಜೂಕಿಗಿಂತ ಓಟಕ್ಕೆ ಬೆಲೆ ಹೆಚ್ಚಿತು. ಕೆನಡಾದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಅಲ್ಲಿ ಚೆಂಡಿಲ್ಲ, ಗಟ್ಟಿ ರಬ್ಬರಿನ ಬಿಲ್ಲೆ. ಗೋಲ್‌ಕೀಪರೂ ಸೇರಿ ಆರು ಜನ. ಎಡಗೈಯವರಿಗೂ ಬಲಗೈಯವರಿಗೂ ಬೇರೆ ಬೇರೆ ಕೋಲು. ಟೊರಾಂಟೊದಿಂದ ಮೊಮ್ಮಗ ‘ಹಾಕಿ ಆಡಿ ಬಂದೆ ಅಜ್ಜಿ’ ಎಂದಾಗ ಇಲ್ಲಿ ನಮ್ಮ ಬಡಾವಣೆಯ ಅಜ್ಜಿ ಹಸಿರು ಬಯಲನ್ನು ಕಣ್ಣಮುಂದೆ ತಂದುಕೊಳ್ಳುತ್ತಾರೆ, ಅವನು ಕಾಲಿನಿಂದ ಬ್ಲೇಡಿನ ಬೂಟು ಬಿಚ್ಚುತ್ತಿರುತ್ತಾನೆ. ಗಾಲಿ ಕಟ್ಟಿಕೊಂಡು ಆಡುವ ರೋಲರ್ ಹಾಕಿ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನದ ಆಟವಾಗಿತ್ತು. ಹೊಸದು ಐದೈದು ಜನರ ‘ಹಾಕಿ ಫೈವ್ಸ್’. ಅಂಕಣ ಸಣ್ಣದು, ಸುತ್ತ ಹಲಗೆ. ಹಲಗೆಗೆ ಬಡಿದ ಚೆಂಡು ಮತ್ತೆ ಆಟಕ್ಕೇ ಬರುತ್ತದೆ. ಅದರ ಮೊದಲ ವಿಶ್ವಕಪ್ 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ನಡೆದಾಗ ನಮ್ಮ ಹೆಣ್ಣುಮಕ್ಕಳು ಬೆಳ್ಳಿ ತಂದರು.

ಇಂಗ್ಲಿಷಿನಲ್ಲಿ ಹಾಕಿ ಎಂಬ ಹೆಸರು ಎಲ್ಲಿಂದ ಬಂತೆಂಬುದನ್ನು ನಿಘಂಟಿಗೆ ಬಿಡೋಣ. ಕೋಲು ಎಂದೊಡನೆ ನನ್ನ ಮನಸ್ಸು ಹರಿಯುವುದು ದೊಣ್ಣೆ ಇರುವ ನಮ್ಮ ಬೈಗುಳದ ಕಡೆಗೆ. ‘ನಿನ್ನ ಮಾತು ಕೇಳೋಕೆ ನೀನ್ಯಾವ ದೊಣ್ಣೆನಾಯಕ?’

ಹಳೆಯ ಮೈಸೂರಿನ ಕಡೆ ಈ ಮಾತು ಕೇಳದೆ ಬೆಳೆದವರಿಲ್ಲ. ನಲ್ಲಿಯ ಸಾಲಿನಲ್ಲಿ, ಕಾಂಪೌಂಡಿನ ಜಗಳದಲ್ಲಿ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಇದು ಬಂದೇ ಬರುತ್ತದೆ. ದೊಣ್ಣೆ ಹಿಡಿದು ಊರಿಗೆಲ್ಲ ಯಜಮಾನಿಕೆ ಮಾಡಲು ಹೊರಟವನು ಎಂಬುದು ಆಡುವವರ ಮನಸ್ಸಿನ ಅರ್ಥ. ನನ್ನ ವಾದವೇ ಬೇರೆ. ಇವನು ಹೊಯ್ಸಳರ ದಂಡನಾಯಕ. ವಿಷ್ಣುವರ್ಧನನಿಗೆ ತಲಕಾಡನ್ನು ಗೆದ್ದುಕೊಟ್ಟ ಗಂಗರಾಜ ದಂಡನಾಯಕನೇ. ಶಾಸನಗಳಲ್ಲಿ ಆ ಪದ ಸವೆದು ದಣ್ಣಾಯಕ ಆಯಿತು. ಭವಾನಿಸಾಗರದ ನೀರಿನಡಿ ಮುಳುಗಿರುವ ದಣ್ಣಾಯಕನಕೋಟೆಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಅರಸರು ಹೋದರು, ದಂಡು ಚದುರಿತು, ಪದವಿ ಮಾತ್ರ ಜನರ ನಾಲಿಗೆಯಲ್ಲಿ ನಿಂತಿತು. ದಣ್ಣಾಯಕ ಎಂದರೆ ಯಾರೆಂಬುದು ಮರೆತಮೇಲೆ ಕಿವಿಗೆ ಹತ್ತಿರದ ದೊಣ್ಣೆ ಬಂದು ಅದರೊಳಗೆ ಕೂತಿತು. ‘ನೀನೇನು ದೊಡ್ಡ ದಂಡನಾಯಕನೋ?’ ಎಂಬ ಪ್ರಶ್ನೆಯೇ ಈಗಿನ ಬೈಗುಳ. ಪಂಡಿತರು ಒಪ್ಪದಿದ್ದರೂ ನಾನು ಈ ವಾದ ಬಿಡುವವನಲ್ಲ.

ಯಾಕೆಂದರೆ ಹಾಕಿಗೆ ಬೇಕಾದುದೆಲ್ಲ ಈ ದಂಡದ ಮನೆತನದಲ್ಲೇ ಇದೆ. ದಂಡ ಎಂದರೆ ಕೋಲು. ದಂಡ ಎಂದರೆ ತಪ್ಪಿಗೆ ತೆರುವ ಶುಲ್ಕ; ಪೆನಾಲ್ಟಿ ಕಾರ್ನರ್ ಇನ್ನೇನು? ದಂಡು ಎಂದರೆ ಸೈನ್ಯ. ಬೆಂಗಳೂರಿನ ಕಂಟೋನ್ಮೆಂಟಿಗೆ ಜನ ಇಟ್ಟ ಹೆಸರೂ ದಂಡು, ಮತ್ತು ಬ್ರಿಟಿಷ್ ಸೈನ್ಯದ ಜೊತೆ ಹಾಕಿ ನಮ್ಮಲ್ಲಿಗೆ ಬಂದದ್ದು ಇಂಥ ದಂಡುಗಳಿಗೇ. ಇದೇ ಮನೆತನದ ದಾಂಡು ಚಿನ್ನಿದಾಂಡಿನಲ್ಲಿ ಸುಖವಾಗಿತ್ತು. ಕ್ರೀಡಾ ವರದಿಗಾರರು ಅದನ್ನು ಒಯ್ದು ಕ್ರಿಕೆಟ್ಟಿಗೆ ಕೊಟ್ಟು ದಾಂಡಿಗನನ್ನು ಮಾಡಿದರು. ಹಾಕಿಯವನಿಗೆ ಒಂದು ಪದವನ್ನೂ ಉಳಿಸಲಿಲ್ಲ.

ಉಳಿಸದಿದ್ದರೆ ಬೇಡ, ಹೆಸರನ್ನಾದರೂ ಕೆಡಿಸಬಾರದಿತ್ತು. ಕನ್ನಡ ಪತ್ರಿಕೆಗಳಲ್ಲಿ ಹಾಕಿ ಸ್ಟಿಕ್ಕು ಹೆಚ್ಚಾಗಿ ಕಾಣುವುದು ಅಪರಾಧ ಸುದ್ದಿಯ ಪುಟದಲ್ಲಿ, ಲಾಂಗು ಮಚ್ಚುಗಳ ಪಕ್ಕದಲ್ಲಿ. ಸಿನಿಮಾದ ರೌಡಿಗಳ ಕೈಯಲ್ಲೂ ಅದೇ. ಆಡುವವರ ಕೈಯಲ್ಲಿ ಅದನ್ನು ನೋಡದ ಹುಡುಗರಿಗೆ ಹಾಕಿ ಸ್ಟಿಕ್ಕೆಂದರೆ ಬರೀ ದೊಣ್ಣೆ. ಇದು ನನಗೆ ನಿಜವಾಗಿ ನೋವಿನ ವಿಷಯ.

ಮೈಸೂರಿನಿಂದ ಹುಣಸೂರು ದಾಟಿ ಕೊಡಗಿನ ಕಡೆ ಹೋದರೆ ಹಾಕಿ ಎಂಬ ಪದಕ್ಕೆ ಬೇರೆಯದೇ ಬಾಳು. ಅಲ್ಲಿ ಅದು ‘ಹಾಕಿ ನಮ್ಮೆ’. ನಮ್ಮೆ ಎಂದರೆ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಇದನ್ನು ಶುರುಮಾಡಿದಾಗ 60 ಕುಟುಂಬಗಳು ಆಡಿದವು. ತಂಡಕ್ಕೆ ಊರಿನ ಹೆಸರಿಲ್ಲ, ಕಂಪನಿಯ ಹೆಸರಿಲ್ಲ, ಒಕ್ಕದ, ಅಂದರೆ ಮನೆತನದ ಹೆಸರು. ಅಜ್ಜನ ಪಕ್ಕದಲ್ಲಿ ಮೊಮ್ಮಗ, ಗಂಡಸರ ಜೊತೆಗೇ ಹೆಂಗಸರು ಕೋಲು ಹಿಡಿದು ಇಳಿಯುತ್ತಾರೆ. ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೂ ಆ ಒಕ್ಕದ್ದೇ ಹೆಸರು. ಈ ನೆಲದ ಎಂ.ಪಿ. ಗಣೇಶ್ 1973ರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕ. ನೆದರ್ಲೆಂಡ್ಸ್ ಎದುರಿನ ಫೈನಲ್ ಪೆನಾಲ್ಟಿ ಸ್ಟ್ರೋಕುಗಳಲ್ಲಿ ಕೈತಪ್ಪಿ ಬೆಳ್ಳಿ ಬಂತು. 1980ರ ಮಾಸ್ಕೊ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದರು. ಇಂಥವರನ್ನು ಕ್ಯಾಪ್ಟನ್ ಎನ್ನುವ ಬದಲು ದಣ್ಣಾಯಕ ಎಂದು ಬರೆಯಿರಿ ಎಂದು ಕ್ರೀಡಾ ಪುಟದ ಗೆಳೆಯರನ್ನು ಕೇಳಿಕೊಳ್ಳುತ್ತೇನೆ. ಬಾಯಿತಪ್ಪಿ ದೊಣ್ಣೆನಾಯಕ ಎಂದರೂ ಹಾಕಿಯಲ್ಲಿ ಅದು ಬಿರುದೇ. 2024ರ ಹಾಕಿ ನಮ್ಮೆಯಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿಗೆ 360 ಒಕ್ಕಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಒಂದೇ ಬಯಲಿನಲ್ಲಿ 360 ದೊಣ್ಣೆನಾಯಕರು.