ಸೂರ್ಯ ಕೆರಳಿದಾಗ ಚಂದ್ರಾವನ್ನು ಕಾಯೋದು ಯಾರು?

ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಹಾರಿಸಿದರೆ ಮುಗೀತು, ಆಮೇಲೆ ತಾನೇ ಕೆಲಸ ಮಾಡ್ಕೊಂಡು ಹೋಗುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ನಾಸಾದ ಚಂದ್ರಾ ಎಕ್ಸ್-ರೇ ದೂರದರ್ಶಕದ ಬಗ್ಗೆ ಓದಿದ ಮೇಲೆ ಆ ಕಲ್ಪನೆ ಹೋಯಿತು.

ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರಾ ಹಾರಿದ್ದು 1999ರ ಜುಲೈ 23ರಂದು. ಸುಮಾರು 64 ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ವಿಕಿರಣ ಪಟ್ಟಿಗಳನ್ನು ದಾಟಬೇಕು. ಶುರುವಿನಲ್ಲೇ ಪೆಟ್ಟು ಬಿತ್ತು. ಎಕ್ಸ್-ರೇ ಹಿಡಿಯುವ ಕನ್ನಡಿಗಳೇ ಪ್ರೋಟಾನ್‌ಗಳನ್ನೂ ಕ್ಯಾಮೆರಾದತ್ತ ತಿರುಗಿಸಿದವು. 10 ಸಿಸಿಡಿ ಚಿಪ್‌ಗಳಲ್ಲಿ 8ಕ್ಕೆ ಹಾನಿಯಾಯಿತು. ಅಂದಿನಿಂದ ಪಟ್ಟಿ ದಾಟುವಾಗಲೆಲ್ಲ ಆ ಕ್ಯಾಮೆರಾವನ್ನು ಕನ್ನಡಿಗಳ ನೇರದಿಂದ ಪಕ್ಕಕ್ಕೆ ಸರಿಸುತ್ತಾರೆ.

ಪಟ್ಟಿ ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ. ಸೂರ್ಯ ಹೇಳಿ ಕೇಳಿ ಕೆರಳೋದಿಲ್ಲ. ಅದಕ್ಕೇ ಮಸಾಚುಸೆಟ್ಸ್‌ನಲ್ಲಿರುವ ತಂಡ, ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಏಸ್ ನೌಕೆ ಮತ್ತು ಗೋಸ್ ಉಪಗ್ರಹಗಳ ಅಂಕಿಗಳ ಮೇಲೆ ಕಣ್ಣಿಟ್ಟಿರುತ್ತದೆ. ವಿಕಿರಣ ಮಿತಿಮೀರಿದರೆ ವೀಕ್ಷಣೆ ನಿಲ್ಲಿಸಿ ಕ್ಯಾಮೆರಾ ಸರಿಸಬೇಕು. ಸಂಪರ್ಕ ಇಲ್ಲದಾಗ ಚಂದ್ರಾ ತಾನೇ ನಿಲ್ಲಿಸಿಕೊಳ್ಳಬಲ್ಲದು. ಆದರೆ ಅಪಾಯ ಕಳೆದಿದೆಯಾ ಅಂತ ನೋಡಿ, ಹೊಸ ವೇಳಾಪಟ್ಟಿ ಬರೆದು, ಮತ್ತೆ ಕೆಲಸಕ್ಕೆ ಹಚ್ಚೋದು ಮನುಷ್ಯರೇ.

ಇಲ್ಲಿ ಬರೋದು ರಾಜಕೀಯ. 2023ರಲ್ಲಿ 6.83 ಕೋಟಿ ಡಾಲರ್ ಇದ್ದ ಚಂದ್ರಾದ ಅನುದಾನವನ್ನು 2025ಕ್ಕೆ 4.11 ಕೋಟಿಗೆ ಇಳಿಸುವ ಪ್ರಸ್ತಾವ 2024ರ ಮಾರ್ಚ್‌ನಲ್ಲಿ ಬಂತು. ಎರಡೇ ತಿಂಗಳಲ್ಲಿ, ಮೇ 10ರಂದು, ಅತ್ಯಂತ ತೀವ್ರವಾದ ಜಿ5 ದರ್ಜೆಯ ಸೌರ ಬಿರುಗಾಳಿ ಭೂಮಿಗೆ ಅಪ್ಪಳಿಸಿತು.

ಹಳೇ ಯಂತ್ರ ತಾನೇ, ಖರ್ಚು ಕಡಿಮೆ ಮಾಡೋಣ ಅನ್ನೋರಿಗೆ ನನ್ನದೊಂದೇ ಪ್ರಶ್ನೆ: ವಯಸ್ಸಾದಷ್ಟೂ ಆರೈಕೆ ಹೆಚ್ಚು ಬೇಕಲ್ವಾ?