ತೋಟಗಾರರೂ ಸೊಪ್ಪಿನ ಬೆಟ್ಟವೂ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಯಲ್ಲಿ, ಎಂದರೆ ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಕಡೆಯಲ್ಲಿ, ಅಡಕೆಯ ತೋಟವೆಂಬುದು ಒಂಟಿಯಾಗಿ ಬದುಕುವ ವಸ್ತುವಲ್ಲ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ತೋಟ. ಅದರ ನೆತ್ತಿಯ ಮೇಲೆ ಬೆಟ್ಟ. ಕಣಿವೆಯ ತಂಪಿನಲ್ಲಿ ಅಡಕೆಯ ಮರಗಳು, ಅವನ್ನು ಹಿಡಿದು ಏರಿದ ಮೆಣಸಿನ ಬಳ್ಳಿಗಳು, ಬುಡದಲ್ಲಿ ಏಲಕ್ಕಿ, ನಡುನಡುವೆ ಬಾಳೆ. ಮೇಲಣ ಬೆಟ್ಟದಿಂದ ಹಸಿಸೊಪ್ಪನ್ನು ಕಡಿದು ತಂದು ಮರಗಳ ಬುಡಕ್ಕೆ ಹಾಸುವರು. ಬೇಸಗೆಯಲ್ಲಿ ಉದುರಿದ ದರಕನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹರಡುವರು. ಅದು ಸಗಣಿ ಗಂಜಳಗಳೊಡನೆ ಕಳಿತು ಗೊಬ್ಬರವಾಗಿ ಮತ್ತೆ ತೋಟಕ್ಕೆ ಇಳಿಯುವುದು. ಮಳೆಗಾಲದ ನೀರನ್ನು ಹೀರಿ ಹಿಡಿದು ಬೇಸಗೆಯ ವರೆಗೂ ಒರತೆಯಾಗಿ ಬಿಟ್ಟುಕೊಡುವುದೂ ಆ ಬೆಟ್ಟವೇ. ಆದುದರಿಂದ ತೋಟದ ಚರಿತ್ರೆಯನ್ನು ಬರೆಯಹೊರಟವನು ಬೆಟ್ಟವನ್ನು ಬಿಟ್ಟನೆಂದರೆ ಅರ್ಧವನ್ನೇ ಬರೆದಂತಾಗುವುದು.

೧೯೮೩ರಲ್ಲಿ ಈ ಸೀಮೆಯ ಜನರು ಕಾಡಿನ ಮರಗಳನ್ನು ಅಪ್ಪಿ ನಿಂತ ಸಂಗತಿ ಲೋಕಪ್ರಸಿದ್ಧವಾಗಿದೆ. ಅದರ ಬಳಿಕ ಅದೇ ಯುವಕರು ಮನೆಮನೆಗೆ ಹೋಗಿ ತಮ್ಮವರಿಗೇ ಕಲಿಸಿದ ಪಾಠಕ್ಕೆ ಅಷ್ಟು ಪ್ರಸಿದ್ಧಿ ಬರಲಿಲ್ಲ. ಹೊರಗಿನವನ ಕೊಡಲಿಯನ್ನು ತಡೆಯುವುದಕ್ಕಿಂತ ಸ್ವಂತ ಮನೆಯ ಕತ್ತಿಯನ್ನು ತಡೆಯುವುದು ಕಷ್ಟವಾದ ಕೆಲಸವೆಂದು ತೋರುವುದರಿಂದ, ಆ ಎರಡನೆಯ ಸಂಗತಿಯೇ ಹೆಚ್ಚು ವಿಚಾರಣೀಯವಾಗಿದೆ.

ಬೆಟ್ಟವು ಯಾರದು ಎಂಬ ಪ್ರಶ್ನೆ ಈ ಜಿಲ್ಲೆಯಲ್ಲಿ ಬಹು ಹಳೆಯದು. ಶ್ರೀರಂಗಪಟ್ಟಣವು ಬಿದ್ದ ತರುವಾಯ, ೧೮೦೧ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರಕಾರದ ಅಪ್ಪಣೆಯಂತೆ ಈ ಪ್ರಾಂತವನ್ನು ಸುತ್ತಿದನು. ಇಲ್ಲಿಯ ಕಾಡುಗಳು ಆಯಾ ಊರಿನ ದೇವರ ಸೊತ್ತೆಂದೂ, ದೇವರ ಪೂಜಾರಿಯೂ ಆಗಿದ್ದ ಊರಗೌಡನ ಅನುಮತಿಯಿಲ್ಲದೆ ಮರ ಕಡಿಯಕೂಡದೆಂದೂ ಜನರು ಅವನಿಗೆ ಹೇಳಿದರು. ಸರಕಾರವು ತನ್ನ ಹಕ್ಕನ್ನು ಸಾಧಿಸದಂತೆ ಮಾಡಿದ ಉಪಾಯವಿದೆಂದು ಅವನು ಭಾವಿಸಿದನು. ಆ ಪ್ರವಾಸಿಯ ದೃಷ್ಟಿ ಸೂಕ್ಷ್ಮವಾದುದೇ. ಆದರೆ ಕಪ್ಪಕಾಣಿಕೆಗಳ ಲೆಕ್ಕವನ್ನು ಹುಡುಕುತ್ತ ಬಂದವನಿಗೆ ದೇವರ ಕಾಡು ಬೇರೆ ಯಾವ ರೀತಿಯಲ್ಲಿ ತಾನೇ ಕಂಡೀತು?

೧೮೬೨ರಲ್ಲಿ ಕಾನಡಾ ಜಿಲ್ಲೆ ಇಬ್ಭಾಗವಾಗಿ ಉತ್ತರ ಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿತು. ೧೮೭೮ರ ಅರಣ್ಯ ಕಾಯಿದೆಯ ಕಾಲಕ್ಕೆ ಕಾಡೆಲ್ಲವೂ ಸರಕಾರದ್ದೆಂಬ ಮಾತು ಬಲವಾಯಿತು; ಮರುವರ್ಷವೇ ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಈ ಜಿಲ್ಲೆಯ ಅರಣ್ಯಸ್ವಾಮ್ಯದ ದೊಡ್ಡ ವ್ಯಾಜ್ಯವೊಂದು ತೀರ್ಮಾನವಾಯಿತು. ಆದರೂ ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ ಎಂಬುದನ್ನು ಅಧಿಕಾರಿಗಳು ಕಂಡುಕೊಂಡಿದ್ದರು. ಆದುದರಿಂದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ೯ ಎಕರೆಯ ವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಏರ್ಪಟ್ಟಿತು. ಇದು ಸವಲತ್ತೇ ಹೊರತು ಸ್ವಾಮ್ಯವಲ್ಲ. ತೋಟಗಾರನಿಗೆ ಸೊಪ್ಪು, ದರಕು, ಹುಲ್ಲು, ಒಣಕಟ್ಟಿಗೆ. ಬೆಲೆಬಾಳುವ ಮರ ಮಾತ್ರ ಸರಕಾರದ್ದು. ಎಲೆ ಒಬ್ಬನದಾಗಿ ಕಾಂಡ ಇನ್ನೊಬ್ಬನದಾದಲ್ಲಿ ಮರದ ಯೋಗಕ್ಷೇಮವನ್ನು ನೋಡುವವರು ಯಾರು? ಮುಂದೆ ಬಂದ ಕಷ್ಟಗಳ ಬೀಜವು ಬಹುಮಟ್ಟಿಗೆ ಇಲ್ಲಿಯೇ ಇದೆ. ೧೯೩೦ರ ದಶಕದ ಆರಂಭದಲ್ಲಿ ಅಂಕೋಲೆ, ಸಿದ್ಧಾಪುರಗಳ ರೈತರು ಅರಣ್ಯ ಸತ್ಯಾಗ್ರಹ, ಕರನಿರಾಕರಣೆಗಳಲ್ಲಿ ಮನೆಮಾರುಗಳನ್ನು ಕಳೆದುಕೊಂಡಾಗ ಅವರ ಮನಸ್ಸಿನಲ್ಲಿ ಸ್ವರಾಜ್ಯದೊಡನೆ ಈ ಬೆಟ್ಟವೂ ಇದ್ದಿರಲೇಬೇಕು.

ಸ್ವರಾಜ್ಯವು ಬಂದಮೇಲೆ ಕಾಡಿಗೆ ಹೊಸ ಗಿರಾಕಿಗಳು ಬಂದರು. ದಾಂಡೇಲಿಯ ಕಾಗದದ ಕಾರಖಾನೆಗೆ ಬಿದಿರು, ಪ್ಲೈವುಡ್ಡಿಗೆ ದೊಡ್ಡ ಮರ, ವಿದ್ಯುತ್ತಿಗೆ ಕಾಳೀನದಿಯ ಕಣಿವೆ. ನೈಸರ್ಗಿಕ ಕಾಡನ್ನು ಬೋಳಿಸಿ ಸಾಗುವಾನಿ, ನೀಲಗಿರಿಗಳನ್ನು ಸಾಲಾಗಿ ನೆಟ್ಟರು. ಬೋಳಾದ ನೆಲದಲ್ಲಿ ಯುಪಟೋರಿಯಂ ಎಂಬ ಪರದೇಶದ ಕಳೆ ಆಳೆತ್ತರ ಬೆಳೆದು, ದನ ಮೇಯುವ ಹುಲ್ಲನ್ನು ನುಂಗಿತು. ಜಿಲ್ಲೆಯಲ್ಲಿ ೧೯೫೦ರಲ್ಲಿ ನೂರಕ್ಕೆ ೮೧ ಪಾಲು ಇದ್ದ ಕಾಡು ೧೯೮೦ರ ಹೊತ್ತಿಗೆ ೨೪ಕ್ಕೆ ಇಳಿಯಿತೆಂದು ಚಳವಳಿಗಾರರು ಸಾರುತ್ತಿದ್ದರು. ಸರಕಾರದ ದಫ್ತರದಲ್ಲಿ ಅರಣ್ಯಭೂಮಿಯ ಲೆಕ್ಕ ಇದಕ್ಕಿಂತ ಬಹಳ ಹೆಚ್ಚು. ಈ ಎರಡು ಲೆಕ್ಕಗಳಿಗೆ ವಿರೋಧವಿರಬೇಕಾದುದಿಲ್ಲ: ಕಾಗದದಲ್ಲಿ ಅರಣ್ಯವೆಂದು ಬರೆದಿದ್ದ ಮಾತ್ರಕ್ಕೆ ನೆಲದ ಮೇಲೆ ಮರ ಇರಬೇಕೆಂಬ ನಿಯಮವಿಲ್ಲ.

ಇದೇ ಕಾಲದಲ್ಲಿ ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಿತು. ಮುಳುಗಡೆಯ ಭೀತಿಗೊಳಗಾದ ತೋಟಗಾರರು ಬರಿಯ ಮೊರೆಯಿಡುತ್ತ ಕುಳಿತುಕೊಳ್ಳಲಿಲ್ಲ. ೧೯೨೩ರಿಂದ ಅಡಕೆಯ ವ್ಯಾಪಾರ ನಡೆಯಿಸುತ್ತಿದ್ದ ಶಿರಸಿಯ ತೋಟಗಾರರ ಸಹಕಾರಿ ಸಂಘವು ಮುಂದಾಯಿತು. ವಿಜ್ಞಾನಿಗಳನ್ನು ಕರೆಯಿಸಿ ಯೋಜನೆಯ ಲಾಭನಷ್ಟಗಳನ್ನು ಜನರೆದುರಿಗೇ ಲೆಕ್ಕ ಹಾಕಿಸಿದರು. ಆ ಯೋಜನೆ ಮೂಲೆಗೆ ಬಿದ್ದಿತು. ಅದಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ಫಲವೆಂದರೆ, ನೀರು, ಕಾಡು, ಮಣ್ಣುಗಳ ವಿಷಯವಾಗಿ ವಾದಿಸಲು ಪದವಿ ಬೇಕಿಲ್ಲವೆಂಬ ಧೈರ್ಯವು ಹಳ್ಳಿಯ ಯುವಕರಲ್ಲಿ ಹುಟ್ಟಿದುದು.

ಹಿಮಾಲಯದ ಚಮೋಲಿ ಜಿಲ್ಲೆಯಲ್ಲಿ ೧೯೭೩ರಲ್ಲಿ ಮೊದಲಾದ ಚಿಪ್ಕೋ ಚಳವಳಿಯ ವಾರ್ತೆ ಇಷ್ಟರಲ್ಲಿ ಇಲ್ಲಿಗೂ ಮುಟ್ಟಿದ್ದಿತು. ಆ ಚಳವಳಿಯ ಸುಂದರಲಾಲ ಬಹುಗುಣರು ೧೯೮೩ರಲ್ಲಿ ಶಿರಸಿ ಸೀಮೆಗೆ ಬಂದು ಯುವಕ ಮಂಡಲಿಗಳೊಡನೆ ಮಾತನಾಡಿದರು. ಅದೇ ವರ್ಷ ಸೆಪ್ಟೆಂಬರ ೮ರಂದು ಸಾಲ್ಕಣಿಯ ಹೆಂಗಸರು, ಗಂಡಸರು, ಮಕ್ಕಳು ಕಳಸೆಯ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಕೆಲವು ಮರಗಳಿಗೆ ಮಾತ್ರ ಅಪ್ಪಣೆಯೆಂದು ಇಲಾಖೆ ಹೇಳುತ್ತಿದ್ದಿತು. ಆದರೆ ದೊಡ್ಡ ಮರವೊಂದು ಬೀಳುವಾಗಲೂ ಅದನ್ನು ಎಳೆದೊಯ್ಯುವಾಗಲೂ ಸುತ್ತಲಿನ ಎಳೆಮರಗಳು ಎಷ್ಟು ಮುರಿಯುವವೆಂಬುದನ್ನು ಜನರು ಕಣ್ಣಾರೆ ಕಂಡಿದ್ದರು. ಸತ್ಯಾಗ್ರಹವು ೩೮ ದಿನ ನಡೆಯಿತು, ಕಡಿತವು ನಿಂತಿತು. ಚಿಪ್ಕೋ ಎಂಬುದಕ್ಕೆ ಕನ್ನಡದಲ್ಲಿ ಅಪ್ಪಿಕೋ ಎಂಬ ಹೆಸರು ನಿಂತಿತು. ಚಳವಳಿಯ ಮುಂದಾಳುಗಳಲ್ಲೊಬ್ಬರಾದ ಪಾಂಡುರಂಗ ಹೆಗಡೆಯವರು ಹಿಮಾಲಯದಲ್ಲಿ ಚಿಪ್ಕೋದವರ ಜೊತೆಗಿದ್ದು ಬಂದವರು.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ವೀರಗಾಥೆಯಾಗಿ ಉಳಿಯುತ್ತಿದ್ದಿತು. ಆದರೆ ಚಳವಳಿಯವರು ತಮ್ಮ ಧ್ಯೇಯವನ್ನು ಮೂರು ಕ್ರಿಯಾಪದಗಳಲ್ಲಿ ಹೇಳಿಕೊಂಡಿದ್ದರು: ಉಳಿಸು, ಬೆಳೆಸು, ಬಳಸು. ಮೊದಲನೆಯದು ಸರಕಾರಕ್ಕೂ ಗುತ್ತಿಗೆದಾರರಿಗೂ ಹೇಳಿದ ಮಾತು. ಉಳಿದೆರಡು ಮನೆಯವರಿಗೆ ಹೇಳಿದವು.

ಬೆಳೆಸುವ ಕೆಲಸಕ್ಕಾಗಿ ಹಳ್ಳಿಹಳ್ಳಿಗಳಲ್ಲಿ ಸಸಿಮಡಿಗಳನ್ನು ಮಾಡಿದರು. ಇಲಾಖೆಯ ದೊಡ್ಡ ಸಸ್ಯಕ್ಷೇತ್ರದಿಂದ ಲಾರಿಯಲ್ಲಿ ಬಂದ ಸಸಿಗೂ, ತಾನೇ ನೀರು ಹೊಯ್ದು ಬೆಳೆಯಿಸಿದ ಸಸಿಗೂ ರೈತನ ಮನಸ್ಸಿನಲ್ಲಿ ಬಹಳ ಅಂತರವಿದೆ. ಒಂದೇ ಜಾತಿಯ ಮರಗಳ ತೋಪು ಕಾಡಲ್ಲವೆಂದು ಅವರು ಮತ್ತೆ ಮತ್ತೆ ಹೇಳಿದರು. ಈ ಮಾತನ್ನು ಮಲೆನಾಡಿನ ಗೃಹಿಣಿಗೆ ತಿಳಿಯಪಡಿಸಲು ಶಾಸ್ತ್ರವು ಬೇಕಾಗಿರಲಿಲ್ಲ. ಉಪ್ಪಿನಕಾಯಿಯ ಅಪ್ಪೆಮಿಡಿ, ಹುಳಿಗೆ ಮುರುಗಲು, ಉಪ್ಪಾಗೆ ಇವೆಲ್ಲ ಆ ಮಿಶ್ರಕಾಡಿನವೇ. ನೀಲಗಿರಿಯ ತೋಪಿನಿಂದ ಅಡುಗೆಮನೆಗೆ ಬರುವುದೇನೂ ಇಲ್ಲ. ಪಾದಯಾತ್ರೆ, ಬೀದಿನಾಟಕ, ಯಕ್ಷಗಾನಗಳ ಮೂಲಕ ಪಾಠವು ನಡೆಯಿತು. ರಾತ್ರಿಯೆಲ್ಲ ಕುಳಿತು ಆಟ ನೋಡುವ ಜನಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಯಾವುದಿದ್ದೀತು!

ಬಳಸುವ ಪಾಠವೇ ಕಠಿನವಾದುದು. ಬೆಟ್ಟವನ್ನು ಬೋಳಿಸಿದವರು ಗುತ್ತಿಗೆದಾರರು ಮಾತ್ರವೇ ಅಲ್ಲ. ತೋಟಗಳು ಹೆಚ್ಚಿದಂತೆ, ಮನೆಗಳು ಪಾಲಾದಂತೆ, ಸೊಪ್ಪಿನ ಕತ್ತಿ ವರ್ಷವರ್ಷವೂ ಅದೇ ಕೊಂಬೆಯ ಮೇಲೆ ಬಿದ್ದಿತು. ಸೊಪ್ಪಿನ ಬೆಟ್ಟಗಳಲ್ಲಿ ಹಲವು ಮರಗಳು ತುದಿಯಲ್ಲಿ ನಾಲ್ಕೆಲೆ ಹೊತ್ತ ಕಂಬಗಳಾಗಿ ನಿಂತವು. ಇನ್ನು ಕಟ್ಟಿಗೆಯ ಖರ್ಚು. ಆರು ತಿಂಗಳ ಮಳೆಯ ಸೀಮೆಯಲ್ಲಿ ಬಚ್ಚಲ ಹಂಡೆಯ ಕೆಳಗಿನ ಬೆಂಕಿ ಆರುವುದು ಅಪರೂಪ. ಸುಗ್ಗಿಯಲ್ಲಿ ಅಡಕೆ ಬೇಯಿಸುವ ಒಲೆ ಬೇರೆ. ಇದನ್ನು ಅನ್ಯರು ಬಂದು ಹೇಳಿದ್ದರೆ ಜನರು ಕೇಳುತ್ತಿರಲಿಲ್ಲ. ಯುವಕರು ತಮ್ಮದೇ ಊರಿನವರಾದುದರಿಂದ ಕೇಳಬೇಕಾಯಿತು. ಕಟ್ಟಿಗೆ ಉಳಿಸುವ ಒಲೆಗಳನ್ನು ಅವರು ಅನೇಕ ಮನೆಗಳಲ್ಲಿ ಕಟ್ಟಿಸಿದರು. ದನಕರುಗಳಿದ್ದವರಿಗೆ ಗೋಬರ್ ಅನಿಲದ ಸ್ಥಾವರಗಳನ್ನು ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗದವರು ರೂಪಿಸಿದ, ಒಂದೇ ಬೆಂಕಿಗೆ ಮೂರು ಪಾತ್ರೆ ಕಾಯುವ ಒಲೆ ಕರ್ನಾಟಕದ ಹಳ್ಳಿಗಳಿಗೆ ಬಂದುದೂ ಆ ಕಾಲದಲ್ಲಿಯೇ. ಹೊಗೆ ಕೊಳವೆಯಲ್ಲಿ ಹೋಗಿ ಅಡುಗೆಮನೆ ಬೆಳಗಾದುದರಿಂದ ಒಲೆಯ ವಿಷಯದಲ್ಲಿ ಹೆಂಗಸರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ.

ಅನಿಲದ ಸ್ಥಾವರಕ್ಕೆ ಹಣವೂ ದನಗಳೂ ಬೇಕು. ತೋಟವಿಲ್ಲದ ಕೂಲಿಕಾರನಿಗೆ ಸೊಪ್ಪಿನ ಬೆಟ್ಟದ ಸವಲತ್ತೂ ಇಲ್ಲ. ಅವನು ಕಟ್ಟಿಗೆಯ ಹೊರೆಯನ್ನು ತರುವುದು ಯಾರದೋ ಬೆಟ್ಟದಿಂದ. ಕಾರ್ಯಕರ್ತರು ಬಡವರಿಗೆ ಎಟುಕುವ ಒಲೆಗೇ ಹೆಚ್ಚು ಗಮನ ಕೊಟ್ಟುದು ಇದನ್ನು ಅರಿತೇ. ಆದರೂ ಬೆಟ್ಟವುಳ್ಳವನಿಗೂ ಇಲ್ಲದವನಿಗೂ ಇರುವ ಭೇದವನ್ನು ಒಲೆಯೊಂದು ತೊಡೆದುಹಾಕಲಾರದು. ಚಳವಳಿಯ ಪ್ರಶಂಸಕರು ಈ ಸಂಗತಿಯನ್ನು ಅಷ್ಟಾಗಿ ಎತ್ತುವುದಿಲ್ಲ.

ಆಮೇಲೆ ಈ ಪಾಠವು ಘಟ್ಟದ ಉದ್ದಕ್ಕೂ ಹಬ್ಬಿತು. ೧೯೮೭ರ ನವೆಂಬರಿನಲ್ಲಿ ಪಶ್ಚಿಮಘಟ್ಟ ಉಳಿಸಿರೆಂಬ ಯಾತ್ರೆಯ ಎರಡು ತಂಡಗಳು ದಕ್ಷಿಣದಲ್ಲಿ ಕನ್ಯಾಕುಮಾರಿಯಿಂದಲೂ ಉತ್ತರದಲ್ಲಿ ನವಾಪುರದಿಂದಲೂ ಹೊರಟು, ೧೯೮೮ರ ಫೆಬ್ರುವರಿಯಲ್ಲಿ ಗೋವೆಯ ಫೋಂಡೆಯಲ್ಲಿ ಕೂಡಿದವು. ಕರ್ನಾಟಕದ ಘಟ್ಟಗಳ ನೈಸರ್ಗಿಕ ಕಾಡಿನಲ್ಲಿ ಹಸಿಮರ ಕಡಿಯುವುದನ್ನು ಸರಕಾರವು ಕ್ರಮೇಣ ನಿಲ್ಲಿಸಿತು. ಸೊಪ್ಪಿನ ಬೆಟ್ಟಗಳಿಗೆ ಅಂತಹ ಒಂದೇ ಆಜ್ಞೆಯಿಂದ ತೀರುವ ಪರಿಹಾರವಿರಲಿಲ್ಲ. ಅಲ್ಲಿ ಪ್ರತಿಯೊಂದು ಮನೆಯೂ ಬೇರೆ ಬೇರೆಯಾಗಿ ನಿರ್ಣಯಿಸಬೇಕಾಯಿತು. ಒಂದೇ ಊರಿನಲ್ಲಿ, ಒಂದೇ ಮಳೆಯ ಕೆಳಗೆ, ಬೇಲಿಯ ಈಚೆಗೆ ಮತ್ತಿ ಹೊನ್ನೆಗಳು ತಲೆಯೆತ್ತಿ ನಿಂತ ಬೆಟ್ಟವನ್ನೂ, ಆಚೆಗೆ ಮೋಟುಗಳೂ ಯುಪಟೋರಿಯಮ್ಮೂ ಉಳಿದ ಬೆಟ್ಟವನ್ನೂ ಈ ಸೀಮೆಯಲ್ಲಿ ಸಂಚರಿಸುವವರು ಕಾಣಬಹುದು.